ನನ್ನ ಹೆಸರಿಗೆ ಬಂದ ಬಂದೂಕು

ನನ್ನ ಗಂಡ ವಿಷಮಜ್ವರದಿಂದ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು, ಇಬ್ಬರೇ. ಹಾನಗಲ್ಲಿನಿಂದ ಪಡುವಣಕ್ಕೆ, ಅಡವಿ ಶುರುವಾಗುವ ಕಡೆ ನಮ್ಮ ಊರು. ಹೊಲಕ್ಕೂ ಅಡವಿಗೂ ನಡುವೆ ಒಂದು ಹಳ್ಳ ಮಾತ್ರ ಇತ್ತು. ಭತ್ತದ ತೆನೆ ಹಾಲುಗಾಳಾದರೆ ಸಾಕು, ಹಂದಿಗಳು ಹಳ್ಳ ದಾಟಿ ಬರುತ್ತಿದ್ದವು. ಬೆಳೆ ಕಾಯಲೆಂದು ಗಂಡ ಸರಕಾರದ ಲೈಸನ್ಸ್ ಪಡೆದು ಒಂಟಿ ನಳಿಗೆಯ ಬಂದೂಕು ಇಟ್ಟುಕೊಂಡಿದ್ದರು. ಹೊಲದ ಕಾವಲಿನ ಅಟ್ಟಣಿಗೆಯ ಮೇಲೆ ಅವರ ಜೊತೆ ಕೂತು ನಾನೂ ಅದನ್ನು ಬಿಚ್ಚಲು, ತೋಟಾ ತುಂಬಲು, ಹಾರಿಸಲು ಕಲಿತಿದ್ದೆ. ಊರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು.

ಲೈಸನ್ಸ್ ಇದ್ದವರು ಸತ್ತರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ದಿನಕರ್ಮ ಮುಗಿಸಿ ನಾವಿಬ್ಬರೂ ಚಕ್ಕಡಿ ಕಟ್ಟಿಸಿಕೊಂಡು ಹೋಗಿ ಒಪ್ಪಿಸಿದೆವು. ಮರಳಿ ಬರುವಾಗ, ಅದನ್ನು ನನ್ನ ಹೆಸರಿಗೆ ಕೇಳುತ್ತೇನೆ ಎಂದೆ.

"ಹೆಣ್ಮಗಳಿಗೆ ಕೊಡ್ತಾರೇನ?" ಎಂದರು ಅತ್ತೆ.

"ಕೇಳಿ ನೋಡೂನ್ರಿ. ಕೇಳಿದ್ರ ಏನ್ ಕಡಿಮಿ ಆಗತೈತಿ?"

ನನ್ನ ಭಾವ, ಅಂದರೆ ಗಂಡನ ಅಣ್ಣ, ಆಗಲೇ ಪಾಲು ತೆಗೆದುಕೊಂಡು ಬೇರೆಯಾಗಿದ್ದರು. ಸುದ್ದಿ ತಿಳಿದು ಬಂದು ಪಡಸಾಲೆಯಲ್ಲಿ ಕೂತರು. "ಬಂದೂಕ ನನ್ನ ಹೆಸರಿಗೆ ಮಾಡಸ್ತೇನಿ. ಹಂದಿ ಕಾಯೂದು ನಿಮ್ಮಿಂದ ಆಗೂದಿಲ್ಲ. ಹೊಲಾನೂ ನಾನ ಮಾಡ್ತೇನಿ. ವರ್ಷಕ್ಕ ನಿಮಗ ಉಣ್ಣಾಕ ಆಗೂವಷ್ಟು ಕಾಳು ಹಾಕ್ತೇನಿ."

ಬಂದೂಕಿನ ಹಿಂದೆ ಹೊಲವೂ ಹೋಗುತ್ತದೆ ಎಂಬುದು ಆಗ ನನಗೆ ಸ್ಪಷ್ಟವಾಯಿತು. ಒಳಗಿನಿಂದಲೇ ಹೇಳಿದೆ: "ಅರ್ಜಿ ನಾ ಕೊಡಾಕತ್ತೇನ್ರಿ. ಹೊಲಾನೂ ನಾವ ಮಾಡ್ತೇವಿ."

ಅವರು ತಾಯಿಯ ಮುಖ ನೋಡಿದರು. ಅತ್ತೆ ಅಡಕೆ ಕತ್ತರಿಸುವುದನ್ನು ನಿಲ್ಲಿಸದೆ, "ಅಕಿ ಹೇಳಿದಳಲ್ಲ," ಎಂದರು.

ಭಾವ ಸುಮ್ಮನೆ ಇರಲಿಲ್ಲ. ಗಂಡಸಿಲ್ಲದ ಮನೆ, ಬಂದೂಕು ಕಳ್ಳರ ಪಾಲಾಗುತ್ತದೆ ಎಂದು ಠಾಣೆಯ ಅಧಿಕಾರಿ ಫೌಜದಾರರ ಕಿವಿಗೆ ಹಾಕಿದರು. ನಾನು ಅರ್ಜಿ ಹಿಡಿದು ಠಾಣೆಗೆ ಹೋದಾಗ ಫೌಜದಾರರು ಅದನ್ನೇ ಹೇಳಿದರು. ಭದ್ರವಾದ ಜಾಗ ಇಲ್ಲದೆ ತಾವು ಲೈಸನ್ಸ್ ಕೊಡುವ ಧಾರವಾಡದ ಕಲೆಕ್ಟರರಿಗೆ ಶಿಫಾರಸು ಮಾಡುವುದಿಲ್ಲವಂತೆ.

"ಭದ್ರ ಅಂದ್ರ ಹೆಂಗಿರಬೇಕ್ರಿ, ಸಾಹೇಬ್ರ? ಹೇಳ್ರಿ, ಹಂಗ ಮಾಡಸ್ತೇನಿ."

ಅವರಿಗೆ ಸ್ವಲ್ಪ ನಗು ಬಂದಿರಬೇಕು. ಆದರೂ ಹೇಳಿದರು. ಬಂದೂಕು ಕೀಲಿ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಪೆಟ್ಟಿಗೆಯನ್ನು ಯಾರೂ ಹೊತ್ತುಕೊಂಡು ಹೋಗುವಂತಿರಬಾರದು. ತೋಟಾ ಬೇರೆ ಕಡೆ, ಬೇರೆ ಕೀಲಿಯಲ್ಲಿ. ಕಿಟಕಿಗೆ ಸರಳು. ಕೀಲಿಕೈ ಲೈಸನ್ಸ್‌ದಾರರ ಹತ್ತಿರವೇ ಇರಬೇಕು.

ಮನೆಯಲ್ಲಿ ಒಳ್ಳೆಯ ಕಟ್ಟಿಗೆ ಎಂದರೆ ನಮ್ಮ ಮದುವೆಗೆ ತವರಿನವರು ಕೊಟ್ಟಿದ್ದ ಸಾಗವಾನಿ ಮಂಚ. ಬಂಕಾಪುರದ ಬಡಿಗನನ್ನು ಕರೆಸಿ ಅದನ್ನೇ ಬಿಚ್ಚಿಸಿದೆ. ನೆರೆಮನೆಯವರು ಬಾಗಿಲಲ್ಲಿ ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಗಂಡ ಮಲಗಿದ ಮಂಚವನ್ನು ಕೊಯ್ಯಿಸುತ್ತಿದ್ದಾಳೆ ಎಂಬ ಮಾತು ಕೆರೆಯ ತನಕ ಹೋಯಿತು. ಆ ಮಂಚದ ಮೇಲೆ ಒಬ್ಬಳೇ ಮಲಗುವುದು ನನಗೆ ಎಷ್ಟು ಕಷ್ಟವಾಗಿತ್ತೆಂದು ಅವರಲ್ಲಿ ಯಾರೂ ಕೇಳಿರಲಿಲ್ಲ. ಹಲಗೆಗೆ ಗರಗಸ ಬಿದ್ದಾಗಲೂ ಬಡಿಗನಿಗೆ ನಿಲ್ಲಿಸು ಎನ್ನಲಿಲ್ಲ.

ನಡುಮನೆಯ ದಪ್ಪ ಗೋಡೆಯನ್ನು ಕೊರೆದು ಪೆಟ್ಟಿಗೆಯನ್ನು ಒಳಗೆ ಕೂಡಿಸಿದರು. ಕಮ್ಮಾರ ಹಿಂದಿನಿಂದ ಕಬ್ಬಿಣದ ಪಟ್ಟಿ ಹಾಯಿಸಿ ತೊಲೆಗೆ ಬಿಗಿದ. ತೋಟಾದ ಡಬ್ಬಿಗೆ ದೇವರ ಕೋಣೆಯಲ್ಲಿ ಜಾಗ ಮಾಡಿದೆವು. "ದೇವರೂ ಒಂದೀಟು ಕಾಯಲಿ," ಎಂದರು ಅತ್ತೆ.

ಫೌಜದಾರರು ತಪಾಸಣೆಗೆ ಬಂದ ದಿನ ಭಾವನೂ ಬಂದು ಕಟ್ಟೆಯ ಮೇಲೆ ಕೂತಿದ್ದರು. ಫೌಜದಾರರು ಪೆಟ್ಟಿಗೆಯ ಬಾಗಿಲು ಜಗ್ಗಿದರು. ಜೊತೆಗೆ ಬಂದಿದ್ದ ಪೊಲೀಸನಿಂದಲೂ ಜಗ್ಗಿಸಿದರು. ಗೋಡೆಯ ಮಣ್ಣು ಕೂಡ ಉದುರಲಿಲ್ಲ. ಕಿಟಕಿಯ ಸರಳುಗಳನ್ನು ಅಲುಗಾಡಿಸಿ ನೋಡಿ, ನನ್ನ ಕಡೆ ತಿರುಗಿದರು.

"ಕೀಲಿಕೈ?"

ಸೊಂಟಕ್ಕೆ ಸಿಕ್ಕಿಸಿದ್ದನ್ನು ತೋರಿಸಿದೆ.

"ಬಾಯೀ, ಕಳ್ಳರು ಬಂದು ಕುತ್ತಿಗಿಗೆ ಕತ್ತಿ ಹಿಡಿದ್ರ ಏನ್ ಮಾಡ್ತೀರಿ? ಕೀಲಿಕೈ ಕೊಡೂದಿಲ್ಲೇನು?"

"ಗಂಡಸಿನ ಕುತ್ತಿಗಿ ಕಬ್ಬಿಣದ್ದೇನ್ರಿ, ಸಾಹೇಬ್ರ? ಆ ಕತ್ತಿ ಅದನ್ನೂ ಕೊಯ್ಯತೈತಿ."

ಪೊಲೀಸ ತಲೆ ತಗ್ಗಿಸಿದ. ಫೌಜದಾರರು ಹೊರಗೆ ಬಂದು ಭಾವನನ್ನು ಕೇಳಿದರು: "ನಿಮಗ ಕೊಟ್ರ ಎಲ್ಲಿ ಇಡ್ತಿದ್ರಿ?"

"ನಮ್ಮ ಪಡಸಾಲ್ಯಾಗ ಗೂಟ ಐತಲ್ರಿ. ತೂಗ ಹಾಕ್ತಿದ್ದೆ."

ಫೌಜದಾರರು ಅತ್ತೆ ಕೊಟ್ಟ ಮಜ್ಜಿಗೆ ಕುಡಿದು ಹೊರಟುಹೋದರು.

ಆ ವರ್ಷದ ಬೆಳೆ ಬಂದೂಕಿಲ್ಲದೆಯೇ ಕಳೆಯಿತು. ಡಬ್ಬ ಬಡಿದೆವು, ಬೆಂಕಿ ಹಾಕಿದೆವು. ಆದರೂ ಹಳ್ಳದ ದಂಡೆಯ ಮಡಿಗಳನ್ನೆಲ್ಲ ಹಂದಿಗಳು ಉತ್ತು ಹೋದವು. ಉಳಿದದ್ದನ್ನು ಒಕ್ಕಿ ಮನೆಗೆ ತಂದೆವು. ಹೊಲ ಮಾತ್ರ ಬಿಡಲಿಲ್ಲ. ಬೇಸಿಗೆಯಲ್ಲಿ ಲೈಸನ್ಸ್ ಬಂತು, ನನ್ನ ಹೆಸರಿಗೇ. ಠಾಣೆಯಿಂದ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಾನಗಲ್ಲಿನ ಪೇಟೆಯ ನಡುವೆಯೇ ಚಕ್ಕಡಿ ಹೊಡೆಸಿಕೊಂಡು ಬಂದೆ. ಸುತ್ತುದಾರಿ ಇತ್ತು, ಬೇಕೆಂದೇ ಹಿಡಿಯಲಿಲ್ಲ.

ಮುಂದಿನ ಸುಗ್ಗಿಗೆ ಬಂದೂಕಿನ ಸದ್ದಿಗೆ ಹೆದರಿ ನಮ್ಮ ಹೊಲದ ಕಡೆ ಹಂದಿಗಳು ಸುಳಿಯುವುದು ಕಡಿಮೆಯಾಯಿತು. ಅವು ಭಾವನ ಶೇಂಗಾ ಹೊಲಕ್ಕೆ ನುಗ್ಗಿದವು. ಒಂದು ಮಧ್ಯಾಹ್ನ ಅವರು ಬಂದು, ಒಳಗೆ ಬಾರದೆ ಬಾಗಿಲಲ್ಲೇ ನಿಂತರು.

"ನಾಕ ದಿನ ಬಂದೂಕ ಕೊಡು, ತಂಗಿ. ಅರ್ಧಾ ಹೊಲ ಹಾಳ ಮಾಡ್ಯಾವು."

"ಕೊಡಾಕ ಬರೂದಿಲ್ಲರಿ. ಇನ್ನೊಬ್ಬರ ಕೈಯಾಗ ಕೊಟ್ರ ಲೈಸನ್ಸ್ ಹೋಗತೈತಿ."

ಅವರ ಮುಖ ಬಿಗಿಯಿತು. ತಿರುಗಿ ಎರಡು ಹೆಜ್ಜೆ ಇಟ್ಟಿದ್ದರು.

"ನಾ ಬರ್ತೇನ್ರಿ," ಎಂದೆ. "ಅಟ್ಟಣಿಗಿ ಗಟ್ಟಿ ಐತೋ ಇಲ್ಲೋ ನೋಡಿಸಿ ಇಡ್ರಿ."

ಹೊತ್ತು ಇಳಿಯುವ ಮೊದಲೇ ಪೆಟ್ಟಿಗೆ ತೆರೆದು ಬಂದೂಕು ತೆಗೆದುಕೊಂಡೆ. ದೇವರ ಕೋಣೆಯಿಂದ ತೋಟಾ ತಂದೆ. ಅತ್ತೆ ರೊಟ್ಟಿಯ ಗಂಟು ಕೊಟ್ಟು, ಕಂಬಳಿ ಹೊದಿಸಿ ಕಳಿಸಿದರು. ಭಾವ ಹೊಲದ ಬದುವಿನ ಮೇಲೆ ಕಾಯುತ್ತಿದ್ದರು. ನಾನು ಏರುವ ತನಕ ಅಟ್ಟಣಿಗೆಯ ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತರು.