ಡುಲ್ಸಿನ್ ತಟ್ಟದ ಹೆಂಚು

ಹೊಳೆದಂಡೆಯ ಹೆಂಚಿನ ಕಾರ್ಖಾನೆಯಲ್ಲಿ ಡುಲ್ಸಿನ್ ಬಾಯಿಯ ಕೆಲಸ ಕಿವಿಗೊಟ್ಟು ಕೇಳುವುದು. ಗೂಡಿನಲ್ಲಿ ಸುಟ್ಟು ಬಂದ ಪ್ರತಿ ಹೆಂಚನ್ನೂ ಎಡಗೈಯಲ್ಲಿ ಹಿಡಿದು ಬಲಗೈ ಗೆಣ್ಣಿನಿಂದ ತಟ್ಟಬೇಕು. ಟಣ್ ಎಂದರೆ ಒಳ್ಳೆಯದು. ಬದ್ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕು. ಒಳ್ಳೆಯದರ ಅಡಿಭಾಗಕ್ಕೆ ಸೀಮೆಸುಣ್ಣದಲ್ಲಿ ಪುಟ್ಟ ಶಿಲುಬೆ ಎಳೆಯುವುದು ಅವಳ ಗುರುತು. ಹನ್ನೊಂದು ವರ್ಷದಲ್ಲಿ ಆ ಗುರುತಿನ ಒಂದು ಹೆಂಚೂ ವಾಪಸು ಬಂದಿರಲಿಲ್ಲ. ಸರಿಯಾಗಿ ಕೆಲಸ ಮಾಡಿದ್ದಕ್ಕೆ ಸಿಕ್ಕ ಮರ್ಯಾದೆ ಏನು ಗೊತ್ತೇ? ‘ನಿಧಾನದ ಡುಲ್ಸಿನ್’ ಎಂಬ ಹೆಸರು.

ಐವತ್ತೇಳನೇ ಇಸವಿಯ ಮೇ ಕೊನೆ. ಮಳೆಗಾಲಕ್ಕೆ ಮುಂಚಿನ ಕೊನೆಯ ಸರಕಿನ ಹಡಗು, ಮಂಜಿ, ಹೆಂಚು ತುಂಬಿಸಿಕೊಳ್ಳಲು ಬಂದರಿನಲ್ಲಿ ಹಾಯಿ ಮಡಚಿ ಕಾಯುತ್ತಿತ್ತು. ಮೇಸ್ತ್ರಿ ಶೀನಪ್ಪ ದಿನಕ್ಕೆ ನಾಲ್ಕು ಸಲ ಬಂದು ಅವಳ ತಲೆ ತಿಂದ.

“ಎಂತ ಡುಲ್ಸಿನ್ ಬಾಯಿ, ಇನ್ನೂ ಇಷ್ಟೇ ಆದದ್ದಾ? ಹತ್ತಕ್ಕೊಂದು ತಟ್ಟಿ, ಎಲ್ಲದಕ್ಕೂ ಗುರ್ತು ಹಾಕಿ ಮಾರಾಯ್ರೆ.”

“ಈ ಸಲ ಗೂಡಿನ ಬೆಂಕಿ ಸರಿಯಾಗ್ಲಿಲ್ಲ ಮೇಸ್ತ್ರಿಗಳೇ. ಬಿರುಕು ಜಾಸ್ತಿ ಉಂಟು.”

“ಮಂಜಿ ತಪ್ಪಿದ್ರೆ ಧಣಿಗಳು ಅರ್ಧ ಹೆಂಗಸರನ್ನು ಮನೆಗೆ ಕಳಿಸ್ತಾರೆ. ಮೊದಲು ಯಾರನ್ನು ಅಂತ ಹೇಳ್ಬೇಕಾ?”

ಹೇಳಬೇಕಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕುಲಶೇಖರ ಊರಿನ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಅವಳೊಬ್ಬಳ ದುಡಿಮೆಯಿಂದ. ಏಳು ವರ್ಷದ ಮಗಳು ಲಿಲ್ಲಿ ಬೇರೆ. ಡುಲ್ಸಿನ್ ಮೂರು ದಿನ ಹತ್ತಕ್ಕೊಂದು ತಟ್ಟಿದಳು, ಹತ್ತಕ್ಕೂ ಶಿಲುಬೆ ಎಳೆದಳು. ಶೀನಪ್ಪ ಮೊದಲ ಸಲ ಶಹಬ್ಬಾಸ್ ಅಂದ. ಅವಳಿಗೆ ಅನ್ನ ಸೇರಲಿಲ್ಲ.

ಇಷ್ಟೆಲ್ಲ ಮಾಡಿ ಮಂಜಿ ಹೊರಡಲೇ ಇಲ್ಲ. ಕಡಲು ವಾರ ಮೊದಲೇ ಕೆಟ್ಟಿತು, ಹೆಂಚು ಅಂಗಳದಲ್ಲೇ ಉಳಿಯಿತು. ಯಾವುದೋ ಶಾಲೆಯ ಮುಳಿಹುಲ್ಲಿನ ಸೂರು ತೆಗೆದು ಹೆಂಚು ಹೊದಿಸಲು ಧಣಿಗಳು ಅದರಲ್ಲೇ ಎರಡು ಸಾವಿರ ದಾನ ಕೊಟ್ಟರು. ಯಾವ ಶಾಲೆ ಎಂದು ಡುಲ್ಸಿನ್‌ಗೆ ತಿಳಿದದ್ದು ಜೂನ್‌ನಲ್ಲಿ, ಲಿಲ್ಲಿ ಕುಣಿಯುತ್ತ ಮನೆಗೆ ಬಂದಾಗ.

“ಮಾಂಯ್, ನಮ್ಮ ಕ್ಲಾಸಿಗೆ ಹೊಸ ಹೆಂಚು! ಮೇಲೆ ನೋಡಿದ್ರೆ ಪೂರಾ ನಿನ್ನ ಶಿಲುಬೆಗಳೇ ಉಂಟು. ದೇವರು ನಮ್ಮನ್ನು ಕಾಯ್ತಾರೆ ಅಂತ ಟೀಚರ್ ಹೇಳಿದ್ರು.”

ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಏನಾಗುತ್ತದೆ ಎಂಬ ಯೋಚನೆಯನ್ನು ಅವಳು ಮನಸ್ಸಿನಲ್ಲೂ ಮುಗಿಸಲಿಲ್ಲ. ಹೆದರಿ, ಬಾಯಿ ಬಿಡದೆ, ಜಪಸರ ಹಿಡಿದು ಮೂರು ವಾರ ಕಳೆದಳು. ಬೈಯುವವರು ಬೈಯಲಿ, ಅವಳ ಜಾಗದಲ್ಲಿ ನಿಂತು ಬೈಯಲಿ.

ಜುಲೈಯ ಒಂದು ಬೆಳಿಗ್ಗೆ ಲಿಲ್ಲಿಯ ಬೆಂಚಿನ ಮೇಲೆ ಅರ್ಧ ಹೆಂಚು ಬಿತ್ತು. ಮಕ್ಕಳು ಜಗಲಿಯಲ್ಲಿ ಪ್ರಾರ್ಥನೆಗೆ ನಿಂತಿದ್ದರು. ಸ್ಲೇಟು ಮಾತ್ರ ಪುಡಿಯಾಯಿತು. ಸುದ್ದಿ ಕೇಳಿ ಡುಲ್ಸಿನ್ ಒದ್ದೆ ಸೀರೆಯಲ್ಲೇ ಶಾಲೆಗೆ ಓಡಿಬಂದಳು.

“ನಾನು ಎಲ್ಲ ತಟ್ಟಿರ್ಲಿಲ್ಲ ಟೀಚರ್,” ಎಂದಳು ಲಿಲ್ಲಿಯ ಮಟಿಲ್ಡಾ ಟೀಚರ ಕೈ ಹಿಡಿದು. “ಈಗ ತಟ್ತೇನೆ.”

ಮೇಜಿನ ಮೇಲೆ ಬೆಂಚಿಟ್ಟು ಹತ್ತಿ, ತಗ್ಗಿನ ಸಾಲಿನಿಂದ ಒಂದು ಹೆಂಚು ಜಾರಿಸಿ ತೆಗೆದು ತಟ್ಟಿದಳು. ಬದ್. ಪಕ್ಕದ್ದೂ ಬದ್. ಹತ್ತಾಯಿತು, ಇಪ್ಪತ್ತಾಯಿತು, ಗೆಣ್ಣಿನ ಚರ್ಮ ಸುಲಿಯಿತು, ಎಲ್ಲವೂ ಬದ್. ಆಗ ಹೊಳೆಯಿತು. ತಿಂಗಳಿಡೀ ನೀರು ಕುಡಿದ ಹೆಂಚು ಒಳ್ಳೆಯದಾದರೂ ಟಣ್ ಎನ್ನುವುದಿಲ್ಲ. ಕೇಳಬೇಕಿದ್ದದ್ದು ಒಣಗಿದ್ದ ಮೇ ತಿಂಗಳಲ್ಲಿ.

“ಮಾಂಯ್, ಅದು ಒಳ್ಳೇದಾ?” ಲಿಲ್ಲಿ ಬಾಗಿಲಲ್ಲಿ ನಿಂತು ಕೇಳಿದಳು.

“ಗೊತ್ತಿಲ್ಲ ಮಗಾ,” ಎಂದಳು ಡುಲ್ಸಿನ್. ಹನ್ನೊಂದು ವರ್ಷದಲ್ಲಿ ಹೆಂಚು ಕೈಯಲ್ಲಿ ಹಿಡಿದು ಅವಳು ಆ ಮಾತು ಹೇಳಿದ್ದೇ ಇಲ್ಲ. “ಯಾರೂ ಒಳಗೆ ಬರ್ಬೇಡಿ. ಜಗಲಿಗೂ ಇದೇ ಹೆಂಚು, ಮಳೆಯಲ್ಲೇ ನಿಲ್ಲಿ.”