ಬಳೆಗಾರ ಚಾಚಿಯ ಅಂಗೈ

ಬ್ಯಾಕ್ಟೀರಿಯಾ ಬೆಳೆಸುವುದು ನನ್ನ ಉದ್ಯೋಗ. ಬೆಳಗಾವಿಯ ನೆಹರು ನಗರದ ಒಂದು ಲ್ಯಾಬಿನಲ್ಲಿ ಹನ್ನೆರಡು ವರ್ಷಗಳಿಂದ ಅವುಗಳನ್ನು ಸಾಕಿ, ಗುರುತಿಸಿ, ಕೊಲ್ಲುತ್ತ ಬಂದಿದ್ದೇನೆ. ಕೊರೊನಾ ಹೋದ ಮೇಲೂ ನನ್ನ ಬ್ಯಾಗಿನ ಹಿಡಿಕೆಗೆ ಸ್ಯಾನಿಟೈಸರ್ ಬಾಟಲಿ ನೇತಾಡುತ್ತಲೇ ಇತ್ತು. ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಿದವರಿಗೂ ಕೇಳದವರಿಗೂ ಹೇಳುವ ಚಟ ನನ್ನದು. ಬ್ಯಾಕ್ಟೀರಿಯಾದ ಮೈಮೇಲೆ ಕೊಬ್ಬಿನ ತೆಳು ಪೊರೆ ಇರುತ್ತದೆ, ಆಲ್ಕೋಹಾಲ್ ಅದನ್ನು ಹರಿಯುತ್ತದೆ, ಒಳಗಿನ ಪ್ರೋಟೀನನ್ನು ಕೆಡಿಸುತ್ತದೆ. ಕೈ ತಾನಾಗಿ ಒಣಗುವವರೆಗೂ ಉಜ್ಜಬೇಕು, ಅವಸರ ಮಾಡಿ ಸೆರಗಿಗೆ ಒರೆಸಿದರೆ ಉಪಯೋಗವಿಲ್ಲ. ಕೈಗೆ ಎಣ್ಣೆ, ಕೊಳೆ ಮೆತ್ತಿದ್ದರಂತೂ ಸಾಬೂನೇ ಬೇಕು.

ಹೋದ ವರ್ಷ ಖಾನಾಪುರದ ತವರಿನಲ್ಲಿ ತಂಗಿಯ ಕುಬಸ, ಸೀಮಂತದ ಶಾಸ್ತ್ರ. ಬಳೆ ಇಡಲು ಮುಸಲ್ಮಾನರ ಓಣಿಯ ಬಳೆಗಾರ ಚಾಚಿ ಬಂದರು. ನಾನೂ ತಂಗಿಯೂ ಲಂಗ ಉಡುತ್ತಿದ್ದ ಕಾಲದಿಂದ ನಮ್ಮ ಮನೆಗೆ ಬಳೆ ತರುವವರು ಅವರೇ. ಅಳುತ್ತಿದ್ದ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಕೈ ಸಡಿಲ ಬಿಡು ಮಗಳ, ಗೊತ್ತ ಆಗೂದಿಲ್ಲ" ಎಂದು ಬಳೆ ಏರಿಸಿದವರು. ಬಸುರಿ ತಂಗಿಯ ಕೈ ಊದಿದ್ದರಿಂದ, ಬಳೆ ಜಾರಲೆಂದು ಅವರು ಒಂದು ಬಟ್ಟಲು ನೀರು, ಒಂದು ತುಂಡು ಸಾಬೂನು ಕೇಳಿದರು. ಅಷ್ಟರಲ್ಲಿ ನಾನು ಅಡ್ಡ ಬಂದೆ.

"ಚಾಚಿ, ಮೊದಲ ಇದನ್ನ ಹಚ್ಕೋರಿ. ಹೊಟ್ಯಾಗ ಕೂಸ ಐತಿ."

ನೆರೆದ ಹೆಂಗಸರೆಲ್ಲ ನೋಡುತ್ತಿದ್ದರು. ಅವರು ಎರಡೂ ಕೈ ಒಡ್ಡಿದರು. ನಾನು ಧಾರಾಳವಾಗಿ ಸುರಿದೆ. ಅವರ ಮುಖ ಕಿವುಚಿತು. ಆಗ ಕಂಡವು ಅವರ ಬೆರಳುಗಳು. ದಿನವೂ ಒಡೆಯುವ ಗಾಜಿನ ಬಳೆಗಳು ಗೀರಿದ ಗಾಯಗಳು, ಕೆಲವು ಹಳೆಯವು, ಕೆಲವು ಅವತ್ತಿನವೇ. "ಒಣಗೂತನಾ ತಿಕ್ರಿ" ಎಂದೆ. ನಾಚಿಕೆ ಆಗಬೇಕಾಗಿತ್ತು, ಆಗಲಿಲ್ಲ.

ಆಮೇಲೆ ನಡೆದದ್ದೇ ನನ್ನನ್ನು ಇಂದಿಗೂ ಚುಚ್ಚುತ್ತದೆ. ಬೆಳಗಾವಿಯಿಂದ ಬಸ್ಸಿನ ಕಂಬಿ ಹಿಡಿದು ನಿಂತೇ ಬಂದಿದ್ದ ನಮ್ಮ ಚಿಗವ್ವ ನೇರವಾಗಿ ಹೋಗಿ ತಂಗಿಯ ಗಲ್ಲ ಸವರಿ, ಹೊಟ್ಟೆ ಮುಟ್ಟಿ, ಬಾಯಿಗೆ ಸಿಹಿ ಇಟ್ಟಳು. ಬಾಟಲಿ ನನ್ನ ಕೈಯಲ್ಲೇ ಇತ್ತು. ನಾನು ತುಟಿ ಬಿಚ್ಚಲಿಲ್ಲ. ಅಂಥದ್ದೇ ಬಸ್ಸಿನಲ್ಲಿ ಬಂದ ನನ್ನ ಕೈಗೂ ಒಂದು ಹನಿ ಹಾಕಿಕೊಂಡಿರಲಿಲ್ಲ. ಬೆಳಗಿನಿಂದ ಮನೆ ಮನೆಗೆ ಹೋಗಿ ಸಾಬೂನಿನ ನೊರೆಯಲ್ಲಿ ಕೈಯಾಡಿಸಿ ಬಂದ ಚಾಚಿಯ ಕೈ ಬಹುಶಃ ಆ ಮನೆಯಲ್ಲೇ ಎಲ್ಲರಿಗಿಂತ ಸ್ವಚ್ಛವಾಗಿತ್ತು. ಕೊಬ್ಬಿನ ಪೊರೆಯನ್ನು ಸಾಬೂನೂ ಒಡೆಯುತ್ತದೆ ಎಂದು ಊರಿಗೆಲ್ಲ ಹೇಳುವವಳು ನಾನೇ. ಆದರೆ ಅವತ್ತು ನಾನು ನೋಡಿದ್ದು ಕೈಯನ್ನಲ್ಲ, ಕೈ ಯಾರದೆಂಬುದನ್ನು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ, ಸಂಗತಿ ಇಷ್ಟೇ. ಸಂಜೆಯ ಬಸ್ಸು ಹಿಡಿದು ಬೆಳಗಾವಿಗೆ ಓಡಿ ಬಂದೆ.

ಕೂಸು ಗುಂಡುಗುಂಡಾಗಿ ಹುಟ್ಟಿತು. ಅದರ ಹೆಸರಿಡುವ ದಿನ ಬೇಕೆಂದೇ ಬಾಟಲಿ ಬಿಚ್ಚಿಟ್ಟು ಹೊರಟೆ. ಚಾಚಿಯ ಕೈ ಹಿಡಿದು ತಪ್ಪಾಯಿತು ಎನ್ನಬೇಕು, ಅವರು ಮೊದಲಿನಂತೆ ನನ್ನ ಕೈ ಎಳೆದು ತೊಡೆಯ ಮೇಲಿಟ್ಟುಕೊಳ್ಳಬೇಕು. ಬಸ್ಸಿನುದ್ದಕ್ಕೂ ಅದೇ ಮಾತನ್ನು ಉರು ಹೊಡೆದೆ.

ಚಾಚಿ ಬಂದು ಚಾಪೆಯ ಮೇಲೆ ಕುಳಿತರು. ನಾನು ಎದುರಿಗೆ ಕುಳಿತು ಕೈ ಚಾಚಿದೆ. ಅವರು ನನ್ನ ಕೈ ಮುಟ್ಟಲಿಲ್ಲ. ಚೀಲದಿಂದ ಸಣ್ಣದೊಂದು ಬಾಟಲಿ ತೆಗೆದು ಅಂಗೈಗೆ ಸುರಿದುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬೆರಳ ಸಂದಿಗಳನ್ನೂ ಬಿಡದೆ ತಿಕ್ಕತೊಡಗಿದರು.

"ಬ್ಯಾಡ ಚಾಚಿ. ಅವತ್ತ ತಪ್ಪ ಮಾಡಿದ್ದು ನಾ."

"ಇರಲಿ ಬಿಡ್ರಿ ಮೇಡಂ. ಕೂಸ ಇರೋ ಮನಿ. ನೀವು ಹೇಳಿದ್ದು ಬರೋಬ್ಬರಿ ಐತಿ."

"ಎಲ್ಲಾರ ಮನ್ಯಾಗೂ ಹಿಂಗ ಹಚ್ಕೋತೀರೇನು?"

"ಇಲ್ರಿ. ನಿಮ್ಮ ಮನಿಗೆ ಬಂದಾಗಷ್ಟ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಆಮೇಲೆ ಅವರು, ಒಣಗಿತೋ ಇಲ್ಲವೋ ನಾನೇ ನೋಡಲೆಂದು, ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದರು.