ಕೇಳದ ಹಾರ್ನು

ಗೋಕರ್ಣಕ್ಕೆ ನಮ್ಮ ಕಾರಿನಲ್ಲೇ ಹೋಗಬೇಕು ಎಂದು ಮೊದಲು ಹಟ ಹಿಡಿದವಳು ಮಗಳು. ಜಮಖಂಡಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ. ಹದಿನೇಳು ತುಂಬಿದ್ದರೂ ಚಿಕ್ಕಪಡಸಲಗಿಯ ಹಿನ್ನೀರು ಬಿಟ್ಟರೆ ಬೇರೆ ದೊಡ್ಡ ನೀರು ಕಂಡವಳಲ್ಲ. ಒಂಬತ್ತನೇ ತರಗತಿಯ ಅವಳ ತಮ್ಮ ದಾರಿಯನ್ನೆಲ್ಲ ಬರೆದು ಗೋಡೆಗೆ ಅಂಟಿಸಿಯೇಬಿಟ್ಟ. ಬನಹಟ್ಟಿ, ಮುಧೋಳ, ಲೋಕಾಪುರ, ಧಾರವಾಡ, ಯಲ್ಲಾಪುರ, ಘಾಟು, ಅಂಕೋಲೆ, ಸಮುದ್ರ. ಮನೆಯಲ್ಲಿ ಕಾರು ಓಡಿಸಲು ಬರುವವನು ನಾನೊಬ್ಬನೇ. ದೀಪಾವಳಿ ಮುಗಿಯಲಿ, ಹೋಗೋಣ ಅಂದೆ. ಅಂದ ಮೇಲೆ ಹೆದರಿಕೆ ಶುರುವಾಯಿತು.

ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಹದಿನಾರನೇ ವಯಸ್ಸಿಗೆ ಪವರ್‌ಲೂಮುಗಳ ನಡುವೆ ನಿಂತವನು ನಾನು. ಮಗ್ಗ ಓಡುವಾಗ ಪಕ್ಕದವನು ಎಷ್ಟು ಕೂಗಿದರೂ ಕೇಳದು, ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇವೆ. ಆ ರೂಢಿಯಲ್ಲಿ ಕಿವಿ ಯಾವಾಗ ಕೈಕೊಟ್ಟಿತೋ ನನಗೇ ಗೊತ್ತಾಗಲಿಲ್ಲ. ಊರಲ್ಲಿ ಅದನ್ನು ಮುಚ್ಚಿಡುವುದೂ ಕಷ್ಟವಲ್ಲ, ಮಗ್ಗದ ಸದ್ದಿಗೆ ಇಲ್ಲಿ ಎಲ್ಲರೂ ಒದರಿಯೇ ಮಾತಾಡುವವರು. ಬೀಳಗಿಯಿಂದ ಬರುವ ನಮ್ಮ ನೆಂಟರಂತೂ, "ನೀವು ಮಾತಾಡಾಕತ್ತೀರೋ, ಜಗಳಾ ತಗದೀರೋ?" ಎಂದು ಪ್ರತಿ ಸಲವೂ ಕೇಳುತ್ತಾರೆ. ಕುಕ್ಕರಿನ ಸೀಟಿ ಕೇಳದಿದ್ದರೆ "ಲಕ್ಷ್ಯ ಎಲ್ಲೈತ್ರಿ ನಿಮ್ದು?" ಅನ್ನುತ್ತಾಳೆ ಹೆಂಡತಿ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಲಕ್ಷ್ಯವಿಲ್ಲದವನು ಅನ್ನಿಸಿಕೊಳ್ಳುವುದೇ ವಾಸಿ ಎಂದು ಸುಮ್ಮನಿದ್ದೆ.

ಒಂದು ಸಂಜೆ ಮಗ ಘಾಟಿನ ವಿಡಿಯೋ ತೋರಿಸಿದ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ, ಎದುರಿನ ಲಾರಿ ಮೈಮೇಲೆ ಬರುವವರೆಗೂ ಕಾಣದು. ತಿರುವಿನಲ್ಲೊಂದು ಹಳದಿ ಫಲಕ: ಹಾರ್ನ್ ಮಾಡಿ. ಅವನಿಗೆ ಅದು ಮಜಾ. ನಾನು ಹಾರ್ನ್ ಮಾಡಬಲ್ಲೆ, ಎದುರಿನವನು ಮಾಡಿದ್ದು ನನಗೆ ಕೇಳಬೇಕಲ್ಲ?

ಹೆದರಿಕೆ ಹೋಗಲೆಂದು ಒಂದು ಭಾನುವಾರ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಮುಧೋಳದವರೆಗೆ ಹೋಗಿಬರಲು ಹೊರಟೆ. ಕಬ್ಬಿನ ಹಂಗಾಮು. ಎರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಒಂದು ಟ್ರ್ಯಾಕ್ಟರ್ ನಮ್ಮ ಮುಂದೆ ತೆವಳುತ್ತಿತ್ತು. ಅದನ್ನು ದಾಟಲು ಬಲಕ್ಕೆ ಹೊರಳಿಸಿದೆ. ಅಷ್ಟರಲ್ಲಿ ನನ್ನ ಕಿಟಕಿಯ ತುಂಬ ಒಂದು ಬಸ್ಸು. ಹಿಂದಿನಿಂದ ನನ್ನನ್ನೇ ದಾಟುತ್ತಿತ್ತು. ಹೇಗೆ ಎಡಕ್ಕೆ ಎಳೆದೆನೋ, ಕನ್ನಡಿ ಮುರಿದು ನೇತಾಡಿತು, ನಾವು ಉಳಿದೆವು. ಪಕ್ಕದಲ್ಲಿ ನಿದ್ದೆ ಹೋಗಿದ್ದ ಮಗ ಎದ್ದು "ಏನಾತು?" ಅಂದ. ಹಿಂದಿನ ಸೀಟಿನಲ್ಲಿ ಮಗಳು ಬಾಯಿಗೆ ಕೈ ಒತ್ತಿಕೊಂಡು ಕೂತಿದ್ದಳು.

"ಹಾರ್ನ್ ಸುದ್ದಾ ಹೊಡಿಲಿಲ್ಲ, ಹಲ್ಕಟ್ ಮಗ!" ಎಂದು ಬಸ್ಸಿನವನನ್ನು ಬೈದೆ. ಹೊಡೆದಿರಲೇಬೇಕು ಎಂಬುದು ಬೈಯುವಾಗಲೇ ಗೊತ್ತಿತ್ತು. ಮರುದಿನ ರಬಕವಿ ರಸ್ತೆಯ ಬದಿಯಲ್ಲಿ ರಸ್ತೆಗೆ ಬೆನ್ನು ಹಾಕಿ ನಿಂತು, ಕಣ್ಣು ಮುಚ್ಚಿ, ಬರುವ ಗಾಡಿಗಳಿಗೆ ಕಿವಿಗೊಟ್ಟೆ. ಲಾರಿ ಬಂದರೆ ಕಾಲಡಿಯ ನೆಲ ಹೇಳಿತು. ಉಳಿದವು ಬಂದದ್ದು ಮೈಗೆ ಗಾಳಿ ಬಡಿದಾಗಲೇ ತಿಳಿಯಿತು.

ಆ ವಾರವೇ ಮಗಳು ವರಸೆ ಬದಲಿಸಿದಳು. ಪರೀಕ್ಷೆ ಐತಿ ಅಂದಳು. ಸಮುದ್ರದಾಗ ಏನೈತಿ, ಉಪ್ಪು ನೀರು ಅಂದಳು. ಕೊನೆಗೆ, "ಡ್ರೈವರ್ ಕರ್ಕೊಂಡ ಹೋಗೂಣಲ್ರಿ ಅಪ್ಪಾ" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು ನನಗೆ. "ಯಾಕ, ನಿಮ್ಮಪ್ಪಗ ಗಾಡಿ ಹೊಡ್ಯಾಕ ಬರಂಗಿಲ್ಲೇನು?" ಎಂದು ಹಾರಾಡಿದೆ. ಆಗಲೇ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಮಾನ ಎಂಬುದೊಂದು ಅಡ್ಡ ಬಂತು. ಎದೆಯಲ್ಲಿ ಘಾಟು ಇಟ್ಟುಕೊಂಡೇ ಕಾರಿಗೆ ಹೊಸ ಕನ್ನಡಿ ಹಾಕಿಸಿದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮೂವರ ಚೀಲ ಪಡಸಾಲೆಯಲ್ಲಿದ್ದವು, ಮಗಳದಿರಲಿಲ್ಲ. "ನಾ ಬರಂಗಿಲ್ಲ" ಅಂದಳು. "ಬ್ಯಾಡಾದ್ರ ಬಿಡು. ನಿನ್ನ ಚಿಗವ್ವನ ಮನ್ಯಾಗಿರು. ನಾವು ಮೂರು ಮಂದಿ ಹೋಗಿ ಬರ್ತೀವಿ" ಎಂದು ಸಿಟ್ಟಿನಿಂದ ಅಂಗಳದ ಬದಿಯ ನಮ್ಮ ಮಗ್ಗದ ಶೆಡ್ಡಿಗೆ ನಡೆದೆ. ಮಗ್ಗಗಳು ಓಡುತ್ತಿದ್ದವು. ಬಾಗಿಲಿನಿಂದ ತಿರುಗಿ ನೋಡಿದೆ. ಅಂಗಳದ ಆಚೆ ಬದಿಯಲ್ಲಿ ಅವಳು ತಮ್ಮನ ಎರಡೂ ತೋಳು ಹಿಡಿದು ಮೆಲ್ಲಗೆ ಏನೋ ಹೇಳುತ್ತಿದ್ದಳು. ಮುಖ ನನ್ನ ಕಡೆಗಿತ್ತು. ತುಟಿ ಓದಿದೆ.

"ನೀನೂ ಹೋಗಬ್ಯಾಡೋ. ಅಪ್ಪಗ ಕೇಳ್ಸಂಗಿಲ್ಲ. ಅವತ್ತ ಬಸ್ಸ ಬಂತು ಅಂತ ಮೂರ ಸಲ ಒದರಿನಿ, ಹೊಳ್ಳಿ ನೋಡ್ಲಿಲ್ಲ. ನಾ ಬರಲಿಲ್ಲಂದ್ರ ಟ್ರಿಪ್ಪ ಬಿಡ್ತಾರ ಅನ್ಕೊಂಡಿದ್ನಿ."

ಬಾಗಿಲ ಚೌಕಟ್ಟು ಹಿಡಿದು ನಿಂತೆ. ನನ್ನನ್ನು ಕಿವುಡ ಅನ್ನಲಾರದೆ ಈ ಹುಡುಗಿ ತನ್ನ ಸಮುದ್ರವನ್ನೇ ಬಿಟ್ಟಿದ್ದಳು. ನಾನೋ, ಕಿವುಡ ಅನ್ನಿಸಿಕೊಳ್ಳಲಾರದೆ ಇವರನ್ನೆಲ್ಲ ಘಾಟಿಗೆ ಒಯ್ಯಲು ಹೊರಟಿದ್ದೆ. ಅಂದು ನನಗೆ ನನ್ನ ಬಗ್ಗೆಯೇ ಆದಷ್ಟು ಅಂಜಿಕೆ ಮತ್ತೆಂದೂ ಆಗಿಲ್ಲ.

ಅಂಗಳ ದಾಟಿ ಹೋದೆ. ನನ್ನನ್ನು ಕಂಡು ಅವಳು ತಮ್ಮನ ತೋಳು ಬಿಟ್ಟಳು. "ನನಗ ಕಿವಿ ಕೇಳ್ಸಂಗಿಲ್ಲವಾ. ಡ್ರೈವರ್‌ಗ ಫೋನ್ ಹಚ್ಚು" ಅಂದೆ. ದನಿ ಎಷ್ಟು ಜೋರಾಗಿತ್ತೋ ಏನೋ, ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. ಜೇಬಿನಿಂದ ಕಾರಿನ ಕೀಲಿ ತೆಗೆದು ಮುಂದೆ ಹಿಡಿದೆ. ಹಿರಿಯರು ಕೊಟ್ಟದ್ದನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುವ ಹುಡುಗಿ ಅದನ್ನು ನನ್ನ ಬೆರಳುಗಳಿಂದ ಕಸಿದುಕೊಂಡಳು.